ಬೇರೆಯವರ ಹೆಸರಿನಲ್ಲಿ ಬೀಳುವ ವಿಕೆಟ್‌ಗಳು

1996ರ ಜೂನ್ 6ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಎಜ್‌ಬಾಸ್ಟನ್ ಮೈದಾನದಲ್ಲಿ, ಭಾರತದ ಪರ ನಾಲ್ವರು ತಮ್ಮ ಮೊದಲ ಟೆಸ್ಟ್ ಆಡಲು ಇಳಿದರು. ಬೆಂಗಳೂರಿನ ವೆಂಕಟೇಶ್ ಪ್ರಸಾದ್, ಮುಂಬೈಯ ಪಾರಸ್ ಮಾಂಬ್ರೆ, ಪಂಜಾಬಿನ ವಿಕ್ರಮ್ ರಾಥೋಡ್, ಮತ್ತು ನಮ್ಮ ಗದಗಿನ ಸುನೀಲ ಜೋಶಿ. ಜೋಶಿಯವರಿಗೆ ಅಂದೇ 26 ತುಂಬಿತ್ತು. ಆ ಪಂದ್ಯವನ್ನು ಭಾರತ ಎಂಟು ವಿಕೆಟ್‌ಗಳಿಂದ ಸೋತಿತು. ಎರಡನೇ ಇನಿಂಗ್ಸ್‌ನಲ್ಲಿ ಸಚಿನ್ ತೆಂಡೂಲ್ಕರ್ ಒಬ್ಬರೇ ನಿಂತು ಹೊಡೆದ 122 ರನ್ ಬಿಟ್ಟರೆ ಆ ಟೆಸ್ಟ್ ಈಗ ಯಾರಿಗೂ ಅಷ್ಟಾಗಿ ನೆನಪಿಲ್ಲ.

ನನಗೆ ಆ ಪಂದ್ಯ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಆ ದಿನ ಹೊಸದಾಗಿ ಬಂದ ನಾಲ್ವರೂ ಮುಂದೆ ಕೋಚ್ ಆದರು. ಪ್ರಸಾದ್ 33 ಟೆಸ್ಟ್ ಆಡಿ, 2007ರಲ್ಲಿ ಭಾರತ ಮೊದಲ ಟಿ20 ವಿಶ್ವಕಪ್ ಗೆದ್ದಾಗ ತಂಡದ ಬೌಲಿಂಗ್ ಕೋಚ್ ಆಗಿದ್ದರು. ರಾಥೋಡ್ ಆಡಿದ್ದು ಆರು ಟೆಸ್ಟ್, ಮಾಂಬ್ರೆ ಆಡಿದ್ದು ಎರಡೇ. ಆದರೆ 2024ರಲ್ಲಿ ಬಾರ್ಬಡೋಸ್‌ನಲ್ಲಿ ಭಾರತ ಮತ್ತೊಮ್ಮೆ ಟಿ20 ವಿಶ್ವಕಪ್ ಎತ್ತಿದಾಗ ಬ್ಯಾಟಿಂಗ್ ಕೋಚ್ ರಾಥೋಡ್, ಬೌಲಿಂಗ್ ಕೋಚ್ ಮಾಂಬ್ರೆ. ಇವರಿಬ್ಬರ ಮೇಲೆ ಮುಖ್ಯ ಕೋಚ್ ಆಗಿದ್ದವರು ರಾಹುಲ್ ದ್ರಾವಿಡ್. ಅವರು ಮೊದಲ ಟೆಸ್ಟ್ ಆಡಿದ್ದು ಎಜ್‌ಬಾಸ್ಟನ್ನಿನ ಮುಂದಿನ ಪಂದ್ಯದಲ್ಲಿ, ಲಾರ್ಡ್ಸ್‌ನಲ್ಲಿ. ಎಜ್‌ಬಾಸ್ಟನ್ನಿನ ಹನ್ನೊಂದರಲ್ಲಿ ಆಗಲೇ ಹಳಬರಾಗಿದ್ದ ಅನಿಲ್ ಕುಂಬ್ಳೆ ಕೂಡ 2016ರಲ್ಲಿ ಭಾರತದ ಮುಖ್ಯ ಕೋಚ್ ಆದರು.

ಹದಿನೈದು ಟೆಸ್ಟ್ ಆಡಿದ ಗದಗಿನ ಹುಡುಗ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾನೆ? ನಮ್ಮ ಸೀಮೆಯಲ್ಲಿ ಜೋಶಿ ಅಂದರೆ ಜನ ನೈರೋಬಿಯ ಐದು ವಿಕೆಟ್ ಎಂದು ತಟ್ಟನೆ ಹೇಳುತ್ತಾರೆ. ಆಮೇಲಿನದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆಮೇಲಿನದೇ ದೊಡ್ಡದು ಎಂಬುದು ನನ್ನ ನಂಬಿಕೆ. ಅದಕ್ಕೇ ಈ ಬರಹ.

ಸುನೀಲ ಬಂಡಾಚಾರ್ಯ ಜೋಶಿ ಹುಟ್ಟಿದ್ದು 1970ರಲ್ಲಿ, ಗದಗಿನಲ್ಲಿ. ಆಗ ಗದಗ ಧಾರವಾಡ ಜಿಲ್ಲೆಯೊಳಗಿನ ಊರು. ಮುದ್ರಣಕ್ಕೆ, ಹತ್ತಿ ಮಾರುಕಟ್ಟೆಗೆ, ವೀರೇಶ್ವರ ಪುಣ್ಯಾಶ್ರಮದ ಸಂಗೀತಕ್ಕೆ ಹೆಸರಾದ ಪೇಟೆ. ಪಕ್ಕದ ಬೆಟಗೇರಿಯಲ್ಲಿ ಹಾಕಿ ಇತ್ತು, ಊರೂರಿಗೆ ಗರಡಿ ಇತ್ತು. ಸರಿಯಾಗಿ ಕ್ರಿಕೆಟ್ ಕಲಿಯಬೇಕೆಂದರೆ ಮಾತ್ರ ಹುಬ್ಬಳ್ಳಿಗೆ ಹೋಗಬೇಕಿತ್ತು, ಸುಮಾರು 60 ಕಿಲೋಮೀಟರ್. ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಹೋಗಿ, ನೆಟ್ಸ್‌ನಲ್ಲಿ ಚೆಂಡು ಎಸೆದು, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದ ಹುಡುಗನ ಕಥೆಯನ್ನು ಅವರ ಬಗ್ಗೆ ಬರೆದವರೆಲ್ಲ ಬರೆದಿದ್ದಾರೆ. ಸಾಮಾನ್ಯವಾಗಿ ಇದನ್ನು ಹುಡುಗನ ಛಲದ ಕಥೆಯಾಗಿ ಹೇಳುತ್ತೇವೆ. ಛಲ ಇತ್ತು, ಒಪ್ಪಿದೆ. ಆದರೆ ಗದಗಿನಲ್ಲಿ ಆಗ ಕಲಿಸುವವರು ಇರಲಿಲ್ಲ ಎಂಬ ಮಾತೂ ಅದರಲ್ಲೇ ಇದೆ. ಆ ಅರ್ಧವನ್ನು ನಾವು ಹೇಳುವುದಿಲ್ಲ.

ಗುರುವನ್ನು ಹುಡುಕಿಕೊಂಡು ಊರು ಬಿಡುವುದು ನಮ್ಮ ರೋಣ ಸೀಮೆಗೆ ಹೊಸದೇನಲ್ಲ. 1922ರಲ್ಲಿ ರೋಣದಲ್ಲಿ ಹುಟ್ಟಿದ ಇನ್ನೊಬ್ಬ ಜೋಶಿ, ಭೀಮಸೇನ ಜೋಶಿ, ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು, ಉತ್ತರ ಭಾರತವೆಲ್ಲ ಅಲೆದು, ಕೊನೆಗೆ ಗುರುವನ್ನು ಕಂಡುಕೊಂಡದ್ದು ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರಲ್ಲಿ. ಸಂಗೀತದಲ್ಲಿ ಗುರುವಿನ ಹೆಸರು ಶಿಷ್ಯನ ಹೆಸರಿಗಿಂತ ಮೊದಲು ಬರುತ್ತದೆ. ಹಾಡುವ ಮುನ್ನ ಕಿವಿ ಮುಟ್ಟಿಕೊಂಡು ಹೆಸರು ಹೇಳುವ ಪದ್ಧತಿಯೇ ಇದೆ. ಗರಡಿಯಲ್ಲೂ ಹಾಗೇ, ಪೈಲ್ವಾನ ಗೆದ್ದರೆ ಯಾವ ವಸ್ತಾದನ ಪಟ್ಟು ಎಂದು ಜನ ಕೇಳುತ್ತಾರೆ. ಆದರೆ ಕ್ರಿಕೆಟ್ಟಿನ ಸ್ಕೋರ್‌ಕಾರ್ಡ್‌ನಲ್ಲಿ ಕಲಿಸಿದವನಿಗೆ ಒಂದು ಸಾಲೂ ಇಲ್ಲ.

ಜೋಶಿಯವರ ಆಟದ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಎಡಗೈ ಸ್ಪಿನ್, ಎಡಗೈ ಬ್ಯಾಟ್. 1995–96ರ ರಣಜಿ ಋತುವಿನಲ್ಲಿ ಅವರು 500ಕ್ಕೂ ಹೆಚ್ಚು ರನ್ ಹೊಡೆದು 50ಕ್ಕೂ ಹೆಚ್ಚು ವಿಕೆಟ್ ಕಿತ್ತರು. ಒಂದೇ ಋತುವಿನಲ್ಲಿ ಈ ಎರಡನ್ನೂ ಮಾಡಿದವರು ಬಹಳ ಕಡಿಮೆ. ಆ ವರ್ಷ ಕರ್ನಾಟಕ ರಣಜಿ ಗೆದ್ದಿತು, ಜೋಶಿ ಇಂಗ್ಲೆಂಡಿನ ವಿಮಾನ ಹತ್ತಿದರು. ಪ್ರಥಮ ದರ್ಜೆಯ 160 ಪಂದ್ಯಗಳಲ್ಲಿ 615 ವಿಕೆಟ್, ಐದು ಸಾವಿರ ದಾಟಿದ ರನ್. 15 ಟೆಸ್ಟ್‌ಗಳಲ್ಲಿ 41 ವಿಕೆಟ್. 69 ಏಕದಿನ ಪಂದ್ಯಗಳಲ್ಲಿ 69 ವಿಕೆಟ್.

ನೈರೋಬಿಯ ಪಂದ್ಯ ನಡೆದದ್ದು 1999ರ ಸೆಪ್ಟೆಂಬರ್ 26ರಂದು, ಎದುರಾಳಿ ದಕ್ಷಿಣ ಆಫ್ರಿಕಾ. ಜೋಶಿಯವರ ಬೌಲಿಂಗ್ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಏಕದಿನದ ಆಟ ಗೊತ್ತಿಲ್ಲದವರಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕು. ಒಬ್ಬ ಬೌಲರಿಗೆ ಸಿಗುವುದು ಹತ್ತು ಓವರ್, ಅಂದರೆ 60 ಎಸೆತ. ಆರು ಓವರ್‌ಗಳಲ್ಲಿ ಒಂದು ರನ್ನೂ ಇಲ್ಲ ಎಂದರೆ 36 ಎಸೆತ ಬರಿದೇ ಹೋದವು. ಉಳಿದ 24 ಎಸೆತಗಳಿಗೆ ಆರು ರನ್. ಎದುರಿಗೆ ನಿಂತವರು ಕ್ರೋನಿಯೆ, ಗಿಬ್ಸ್, ರೋಡ್ಸ್, ಪೊಲಾಕ್ ಇದ್ದ ತಂಡ, ಆ ಕಾಲದ ಬಲಿಷ್ಠ ಏಕದಿನ ತಂಡಗಳಲ್ಲಿ ಒಂದು. ಅವರು 117ಕ್ಕೆ ಕುಸಿದರು. ಪಿಚ್ ತಿರುಗುತ್ತಿತ್ತು, ನಿಜ. ಆದರೆ ತಿರುಗುವ ಪಿಚ್ ಮೇಲೆ ಎಲ್ಲರಿಗೂ ಹೀಗೆ ಬೀಳುವುದಿಲ್ಲ. ಚೆಂಡು ತಾನಾಗಿ ತಿರುಗುವ ದಿನ ಸ್ಪಿನ್ನರ್‌ಗೆ ಆಸೆ ಹೆಚ್ಚಾಗುತ್ತದೆ. ಪ್ರತಿ ಎಸೆತಕ್ಕೂ ವಿಕೆಟ್ ಬೇಕೆಂದು ಏನೇನೋ ಮಾಡಲು ಹೋಗಿ ರನ್ ಕೊಡುತ್ತಾನೆ. ಜೋಶಿ ಅಂದು ಒಂದೇ ಜಾಗಕ್ಕೆ ಚೆಂಡು ಹಾಕುತ್ತ ಹೋದರು, ಮಿಕ್ಕದ್ದನ್ನು ಪಿಚ್ಚಿಗೆ ಬಿಟ್ಟರು. ಮುಂದೆ ಕೋಚ್ ಆಗುವವನ ತಾಳ್ಮೆ ಆ 60 ಎಸೆತಗಳಲ್ಲೇ ಕಾಣುತ್ತದೆ.

ನೆನಪಿಡಬೇಕಾದ ಎರಡನೇ ಪಂದ್ಯ ಢಾಕಾದ್ದು, 2000ದ ನವೆಂಬರ್. ಬಾಂಗ್ಲಾದೇಶ ಆಡಿದ ಮೊಟ್ಟಮೊದಲ ಟೆಸ್ಟ್. ಸೌರವ್ ಗಂಗೂಲಿ ನಾಯಕನಾಗಿ ಇಳಿದ ಮೊದಲ ಟೆಸ್ಟ್ ಕೂಡ ಅದೇ. ಮೊದಲ ಇನಿಂಗ್ಸ್‌ನಲ್ಲಿ ಬಾಂಗ್ಲಾ 400 ರನ್ ಗಳಿಸಿ ಭಾರತವನ್ನು ಬೆಚ್ಚಿಬೀಳಿಸಿತು. ಜೋಶಿ ಆ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದರು, ಬ್ಯಾಟ್ ಹಿಡಿದು 92 ರನ್ ಹೊಡೆದರು, ಎರಡನೇ ಇನಿಂಗ್ಸ್‌ನಲ್ಲಿ ಮತ್ತೆ ಮೂರು ವಿಕೆಟ್ ತೆಗೆದರು. ಬಾಂಗ್ಲಾ 91ಕ್ಕೆ ಮುಗಿಯಿತು, ಭಾರತ ಒಂಬತ್ತು ವಿಕೆಟ್‌ಗಳಿಂದ ಗೆದ್ದಿತು, ಪಂದ್ಯಶ್ರೇಷ್ಠ ಸುನೀಲ ಜೋಶಿ. ಆ ಮೇಲೆ ಅವರು ಆಡಿದ್ದು ಎರಡೇ ಟೆಸ್ಟ್, ಅದೇ ತಿಂಗಳು ಜಿಂಬಾಬ್ವೆ ವಿರುದ್ಧ. ಮುಂದಿನ ವರ್ಷ ಆಸ್ಟ್ರೇಲಿಯಾ ಬಂತು, ಹರ್ಭಜನ್ ಸಿಂಗ್ ಎದ್ದು ನಿಂತರು, ಜೋಶಿಯವರ ಟೆಸ್ಟ್ ಬಾಗಿಲು ಮುಚ್ಚಿತು. ಆಗ ಅವರಿಗೆ ಮೂವತ್ತು ದಾಟಿತ್ತು ಅಷ್ಟೇ. ಮುಂದೆ ಹತ್ತು ವರ್ಷ ಕರ್ನಾಟಕಕ್ಕೆ ಆಡಿದರು, ನಡುವೆ ರಾಯಲ್ ಚಾಲೆಂಜರ್ಸ್‌ಗೂ ಆಡಿದರು, 2012ರಲ್ಲಿ ನಿವೃತ್ತಿ ಹೇಳಿದರು. ಆ ಹೊತ್ತಿಗೆ ಹೈದರಾಬಾದ್ ರಣಜಿ ತಂಡಕ್ಕೆ ಕಲಿಸುವ ಕೆಲಸ ಆಗಲೇ ಶುರುವಾಗಿತ್ತು.

ಆಡಿದವನು ಕಲಿಸಬಲ್ಲನೇ? ಈ ಪ್ರಶ್ನೆಯನ್ನು ಫುಟ್‌ಬಾಲ್ ಲೋಕ ನಮಗಿಂತ ಬಹಳ ಮೊದಲೇ, ಬಹಳ ಗಂಭೀರವಾಗಿ ಕೇಳಿಕೊಂಡಿದೆ. ಅದರಲ್ಲೂ ಪೋರ್ಚುಗಲ್. ಒಂದು ಕೋಟಿ ಚಿಲ್ಲರೆ ಜನಸಂಖ್ಯೆಯ ಆ ದೇಶ ಯುರೋಪಿನ ದೊಡ್ಡ ದೊಡ್ಡ ಕ್ಲಬ್‌ಗಳಿಗೆ ಆಟಗಾರರನ್ನಷ್ಟೇ ಅಲ್ಲ, ತರಬೇತುದಾರರನ್ನೂ ಕಳಿಸುತ್ತದೆ. ರೂಬೆನ್ ಅಮೊರಿಮ್ ಅವರನ್ನು ನೋಡಿ. 1985ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿ, ಬೆನ್ಫಿಕಾ ಕ್ಲಬ್ಬಿಗೆ ಮಿಡ್‌ಫೀಲ್ಡರ್ ಆಗಿ ಆಡಿ, ದೇಶಕ್ಕೆ 14 ಪಂದ್ಯ ಆಡಿದವರು. ಒಳ್ಳೆಯ ಆಟಗಾರ, ಮಹಾನ್ ಎನ್ನುವ ಹಾಗಿರಲಿಲ್ಲ. ನಿವೃತ್ತಿಯ ನಂತರ ಕಾಸಾ ಪಿಯಾ ಎಂಬ ಕೆಳ ದರ್ಜೆಯ ಕ್ಲಬ್ಬಿನಲ್ಲಿ ಕೆಲಸ ಶುರುಮಾಡಿದರು. ತಕ್ಕ ದರ್ಜೆಯ ಅರ್ಹತಾ ಪತ್ರ ಇಲ್ಲದೆ ಗೆರೆಯ ಬದಿಯಿಂದ ಆಟಗಾರರಿಗೆ ಸೂಚನೆ ಕೊಟ್ಟರೆಂದು ಅಲ್ಲಿ ಶಿಸ್ತು ಕ್ರಮ ಎದುರಿಸಬೇಕಾಯಿತು. ದೇಶಕ್ಕೆ ಆಡಿದವನಾದರೂ ಕಲಿಸಲು ಬೇರೆ ಪರೀಕ್ಷೆ ಪಾಸಾಗಬೇಕು, ಅದು ಆ ದೇಶದ ಕಟ್ಟುನಿಟ್ಟು. 2020ರ ಮಾರ್ಚ್‌ನಲ್ಲಿ ಸ್ಪೋರ್ಟಿಂಗ್ ಕ್ಲಬ್ ಅವರನ್ನು ಬ್ರಾಗಾ ಕ್ಲಬ್ಬಿನಿಂದ ಒಂದು ಕೋಟಿ ಯೂರೋ ಕೊಟ್ಟು ಬಿಡಿಸಿಕೊಂಡಿತು. ಮರುವರ್ಷವೇ ಸ್ಪೋರ್ಟಿಂಗ್ 19 ವರ್ಷಗಳ ನಂತರ ಲೀಗ್ ಗೆದ್ದಿತು.

ಅವರಿಗಿಂತ ಮೊದಲಿನ ಜೋಸೆ ಮೊರಿನ್ಯೊ ಕಥೆ ಇನ್ನೂ ಮುಖ್ಯ. ಆಟಗಾರನಾಗಿ ಮೊರಿನ್ಯೊ ಹೇಳಿಕೊಳ್ಳುವಂಥ ಮಟ್ಟಕ್ಕೆ ಏರಲಿಲ್ಲ. ಕ್ರೀಡಾ ವಿಜ್ಞಾನ ಓದಿ ಶಾಲೆಗಳಲ್ಲಿ ದೈಹಿಕ ಶಿಕ್ಷಕರಾಗಿದ್ದರು. ನಮ್ಮ ಕಡೆಯ ಮಾತಿನಲ್ಲಿ ಪಿ.ಟಿ. ಮಾಸ್ತರ. 1992ರಲ್ಲಿ ಇಂಗ್ಲಿಷ್ ಕೋಚ್ ಬಾಬಿ ರಾಬ್ಸನ್ ಲಿಸ್ಬನ್‌ಗೆ ಬಂದಾಗ ದುಭಾಷಿಯಾಗಿ ಸೇರಿಕೊಂಡರು. 2004ರಲ್ಲಿ ಪೋರ್ಟೊ ಕ್ಲಬ್ಬಿಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು, 2010ರಲ್ಲಿ ಇಂಟರ್ ಮಿಲಾನ್‌ಗೆ ಮತ್ತೊಮ್ಮೆ. ಮೊರಿನ್ಯೊ ಅವರಂಥವರು ನಮ್ಮಲ್ಲೂ ಇದ್ದಾರೆ. ಕುಮಟಾದ ರಾಘವೇಂದ್ರ, ತಂಡದವರ ಬಾಯಲ್ಲಿ ರಘು, ದೊಡ್ಡ ಮಟ್ಟದಲ್ಲಿ ಆಡಿದವರೇ ಅಲ್ಲ. ಹುಬ್ಬಳ್ಳಿಗೆ ಬಂದು, ಬೆಂಗಳೂರಿಗೆ ಹೋಗಿ, ಉದ್ದ ಹಿಡಿಕೆಯ ಸೈಡ್‌ಆರ್ಮ್‌ನಿಂದ ಬ್ಯಾಟರ್‌ಗಳಿಗೆ ವೇಗದ ಚೆಂಡು ಎಸೆಯುವುದರಲ್ಲಿ ನುರಿತರು. ವಿರಾಟ್ ಕೊಹ್ಲಿ, ರೋಹಿತ್ ಶರ್ಮಾ ಅಂಥವರು ವೇಗದ ಬೌಲಿಂಗ್‌ಗೆ ಸಿದ್ಧವಾದದ್ದು ಅವರ ಎಸೆತಗಳ ಎದುರು. 2024ರ ವಿಶ್ವಕಪ್ ಗೆದ್ದ ತಂಡದ ಜೊತೆಗೂ ರಘು ಇದ್ದರು.

ಒಂದು ವ್ಯತ್ಯಾಸ ಮಾತ್ರ ಓದುಗರು ಗಮನಿಸಬೇಕು. ಫುಟ್‌ಬಾಲ್‌ನಲ್ಲಿ ಮ್ಯಾನೇಜರನೇ ಒಡೆಯ. ಯಾವ ಹನ್ನೊಂದು ಜನ, ಯಾವ ಪದ್ಧತಿ, ಯಾವಾಗ ಯಾರನ್ನು ಹೊರಗೆ ಕರೆಸುವುದು, ಎಲ್ಲ ಅವನದೇ. ಗೆದ್ದರೆ ಅವನ ಹೆಸರು, ಸೋತರೆ ಅವನ ಕೆಲಸ ಹೋಗುತ್ತದೆ. ಕ್ರಿಕೆಟ್‌ನಲ್ಲಿ ಮೈದಾನ ನಾಯಕನದು. ಬೌಲಿಂಗ್ ಬದಲಿಸುವವನು, ಫೀಲ್ಡ್ ಇಡುವವನು ನಾಯಕ. ಆಟ ಶುರುವಾದ ಮೇಲೆ ಕೋಚ್ ಬೌಂಡರಿಯಾಚೆ ಕೂರುತ್ತಾನೆ. ಅವನ ಕೆಲಸವೆಲ್ಲ ಹಿಂದಿನ ದಿನದ, ಹಿಂದಿನ ತಿಂಗಳ ನೆಟ್ಸ್‌ನಲ್ಲಿ ಮುಗಿದಿರುತ್ತದೆ. ಅದರಲ್ಲೂ ಸ್ಪಿನ್ ಕೋಚ್ ಅಂದರೆ ಕೋಚ್‌ಗಳಲ್ಲೂ ಹಿಂದಿನ ಸಾಲು. ಅಂಥವನ ವೃತ್ತಿಯನ್ನು ಅಳೆಯುವುದು ಕಷ್ಟ. ಆದರೂ ಎರಡು ಪ್ರಸಂಗ ಹೇಳದೆ ಇರಲಾರೆ.

ಮೊದಲನೆಯದು ಜಮ್ಮು ಮತ್ತು ಕಾಶ್ಮೀರ. 2014ರಲ್ಲಿ ಜೋಶಿ ಆ ತಂಡದ ಕೋಚ್. ಕೆಲವು ವರ್ಷ ಹಿಂದೆ ಅದೇ ತಂಡಕ್ಕೆ ಕಲಿಸಿದ್ದವರು ಇನ್ನೊಬ್ಬ ಎಡಗೈ ಸ್ಪಿನ್ನರ್, ಬಿಷನ್ ಸಿಂಗ್ ಬೇಡಿ. ಆ ಸೆಪ್ಟೆಂಬರ್‌ನಲ್ಲಿ ಕಾಶ್ಮೀರ ಕಂಡು ಕೇಳರಿಯದ ಪ್ರವಾಹ ಬಂತು. ಶ್ರೀನಗರದ ಶೇರ್-ಎ-ಕಾಶ್ಮೀರ್ ಮೈದಾನ ನೀರಿನಲ್ಲಿ ಮುಳುಗಿತು, ಅಭ್ಯಾಸಕ್ಕೆ ಜಾಗವಿಲ್ಲದಾಯಿತು. ಆಟಗಾರರಲ್ಲಿ ಮನೆ ಮಠ ಹಾನಿಯಾದವರಿದ್ದರು. ಅಂಥ ತಂಡ ಡಿಸೆಂಬರ್‌ನಲ್ಲಿ ಮುಂಬೈಗೆ ಹೋಗಿ, ವಾಂಖೆಡೆ ಮೈದಾನದಲ್ಲಿ, ಅಷ್ಟರಲ್ಲಿ 40 ಸಲ ರಣಜಿ ಗೆದ್ದಿದ್ದ ಮುಂಬೈಯನ್ನು ನಾಲ್ಕು ವಿಕೆಟ್‌ಗಳಿಂದ ಸೋಲಿಸಿತು. ನಾಯಕ ಪರ್ವೇಜ್ ರಸೂಲ್. ಶುಭಂ ಖಜೂರಿಯಾ ಎಂಬ ಹುಡುಗ ಮೊದಲ ಇನಿಂಗ್ಸ್‌ನಲ್ಲಿ ಶತಕ ಹೊಡೆದು, ಎರಡನೆಯದರಲ್ಲಿ 78 ಸೇರಿಸಿದ. ಭಾರತೀಯ ದೇಶೀ ಕ್ರಿಕೆಟ್‌ನಲ್ಲಿ ಇಂಥ ಅನಿರೀಕ್ಷಿತ ಫಲಿತಾಂಶ ಹೆಚ್ಚು ಇಲ್ಲ. ಆ ಪಂದ್ಯದ ಸ್ಕೋರ್‌ಕಾರ್ಡ್ ತೆಗೆದು ನೋಡಿದರೆ ಅದರಲ್ಲಿ ಗದಗಿನ ಯಾವ ಹೆಸರೂ ಕಾಣುವುದಿಲ್ಲ.

ತಮಗೆ ಆಡಲು ಜಾಗವಿಲ್ಲ ಎಂದು ಬಂದ ಹುಡುಗರಿಗೆ ಕಲಿಸಲು, 60 ಕಿಲೋಮೀಟರ್ ದೂರದ ನೆಟ್ಸ್‌ಗೆ ಓಡಾಡಿದ ಮನುಷ್ಯನಿಗಿಂತ ತಕ್ಕವರು ಯಾರು ಎಂದು ನನಗೆ ಅನ್ನಿಸುತ್ತದೆ. ಇದು ಲೆಕ್ಕಕ್ಕೆ ಸಿಗುವ ಮಾತಲ್ಲ.

ಎರಡನೆಯದು ಬಾಂಗ್ಲಾದೇಶ. ನಡುವೆ 2016ರ ಟಿ20 ವಿಶ್ವಕಪ್ ಹೊತ್ತಿಗೆ ಜೋಶಿ ಒಮಾನ್ ತಂಡದ ಸ್ಪಿನ್ನರ್‌ಗಳಿಗೆ ಕಲಿಸಿದರು; ಆ ಒಮಾನ್ ಧರ್ಮಶಾಲಾದಲ್ಲಿ ಐರ್ಲೆಂಡನ್ನು ಸೋಲಿಸಿತು. 2017ರ ಆಗಸ್ಟ್‌ನಲ್ಲಿ ಬಾಂಗ್ಲಾ ಅವರನ್ನು ಸ್ಪಿನ್ ಬೌಲಿಂಗ್ ಕೋಚ್ ಆಗಿ ಕರೆಯಿತು. ಆ ದೇಶದ ಮೊದಲ ಟೆಸ್ಟ್‌ನಲ್ಲಿ ಎದುರಾಳಿಯಾಗಿ ನಿಂತು ಎಂಟು ವಿಕೆಟ್ ಕಿತ್ತವರು ಹದಿನೇಳು ವರ್ಷಗಳ ನಂತರ ಅದೇ ಢಾಕಾಕ್ಕೆ ಅವರ ಹುಡುಗರಿಗೆ ಕಲಿಸಲು ಹೋದರು. ಸೇರಿದ ತಿಂಗಳೇ ಬಾಂಗ್ಲಾ ಮೀರ್‌ಪುರದಲ್ಲಿ ಆಸ್ಟ್ರೇಲಿಯಾವನ್ನು ಟೆಸ್ಟ್‌ನಲ್ಲಿ ಮೊದಲ ಸಲ ಸೋಲಿಸಿತು, 20 ರನ್‌ಗಳಿಂದ. ಶಕೀಬ್ ಅಲ್ ಹಸನ್ ಹತ್ತು ವಿಕೆಟ್ ಪಡೆದರು. ಅದರ ಶ್ರೇಯವನ್ನು ಆಗಷ್ಟೇ ಬಂದ ಕೋಚ್‌ಗೆ ಕಟ್ಟುವುದು ಸರಿಯಲ್ಲ. ಶಕೀಬ್ ಆ ಹೊತ್ತಿಗೆ ಜಗತ್ತಿನ ಶ್ರೇಷ್ಠ ಆಲ್‌ರೌಂಡರ್.

ಆದರೆ 2018ರ ನವೆಂಬರ್, ಡಿಸೆಂಬರ್ ನೋಡಿ. ವೆಸ್ಟ್ ಇಂಡೀಸ್ ಎರಡು ಟೆಸ್ಟ್ ಆಡಲು ಬಂತು. ಚಿತ್ತಗಾಂಗ್‌ನಲ್ಲಿ 64 ರನ್‌ಗಳಿಂದ, ಮೀರ್‌ಪುರದಲ್ಲಿ ಒಂದು ಇನಿಂಗ್ಸ್ ಮತ್ತು 184 ರನ್‌ಗಳಿಂದ ಸೋತಿತು. ಎರಡು ಟೆಸ್ಟ್‌ಗಳಲ್ಲಿ ಬಿದ್ದ ವೆಸ್ಟ್ ಇಂಡೀಸಿನ ವಿಕೆಟ್ 40. ಆ ನಲವತ್ತೂ ಸ್ಪಿನ್ನರ್‌ಗಳ ಪಾಲು. ಶಕೀಬ್, ತೈಜುಲ್ ಇಸ್ಲಾಂ, ಮೆಹದಿ ಹಸನ್ ಮಿರಾಜ್, ನಯೀಮ್ ಹಸನ್, ಈ ನಾಲ್ವರೇ ಎಲ್ಲವನ್ನೂ ಹಂಚಿಕೊಂಡರು. ಮೀರ್‌ಪುರದಲ್ಲಿ ಬಾಂಗ್ಲಾ ಒಬ್ಬನೇ ಒಬ್ಬ ವೇಗಿಯನ್ನೂ ಆಡಿಸಲಿಲ್ಲ. ಅಲ್ಲಿ ಮಿರಾಜ್ 117 ರನ್ ಕೊಟ್ಟು 12 ವಿಕೆಟ್ ಪಡೆದರು. ಚಿತ್ತಗಾಂಗ್‌ನಲ್ಲಿ ಮೊದಲ ಟೆಸ್ಟ್ ಆಡಿದ ನಯೀಮ್‌ಗೆ ಆಗ ಇನ್ನೂ ಹದಿನೆಂಟು ತುಂಬಿರಲಿಲ್ಲ. ಮೊದಲ ಇನಿಂಗ್ಸ್‌ನಲ್ಲೇ ಐದು ವಿಕೆಟ್.

ಇಲ್ಲಿ ಸ್ಪಿನ್ ಕೋಚ್‌ನ ಕೆಲಸ ಏನು ಎಂದು ಹೇಳಬೇಕು. ಎಡಗೈ ಸ್ಪಿನ್ನರ್‌ನ ಚೆಂಡು ಬಲಗೈ ಬ್ಯಾಟರ್‌ನಿಂದ ಹೊರಕ್ಕೆ ತಿರುಗುತ್ತದೆ. ಆದರೆ ಪಿಚ್ ಮುಟ್ಟುವ ಮೊದಲು ಗಾಳಿಯಲ್ಲಿ ಅದು ಒಳಕ್ಕೆ ಬರಬೇಕು. ಹಾಗೆ ಬಂದರೆ ಬ್ಯಾಟರ್ ಕಾಲು ಒಂದು ಕಡೆ ಇಡುತ್ತಾನೆ, ಚೆಂಡು ಇನ್ನೊಂದು ಕಡೆ ಹೋಗುತ್ತದೆ. ಈ ಗಾಳಿಯ ಓಟ ಹುಟ್ಟುವುದು ಬೆರಳಿನಿಂದ ಮಾತ್ರವಲ್ಲ, ಮುಂದಿನ ಕಾಲಿನ ಮೇಲೆ ಮೈ ಪೂರ್ತಿ ತಿರುಗುವುದರಿಂದ. ಮುಂದಿನ ಕಾಲು ಒಂದಿಷ್ಟು ಅಡ್ಡ ಬಿದ್ದರೂ ಸೊಂಟ ತಿರುಗುವುದಿಲ್ಲ, ಚೆಂಡಿನ ಜೀವ ಹೋಗುತ್ತದೆ. ನಂತರ ವೇಗ. ನಿಧಾನದ ಪಿಚ್ ಮೇಲೆ ನಿಧಾನಕ್ಕೆ ಎಸೆದರೆ ಬ್ಯಾಟರ್ ಹಿಂದೆ ಸರಿದು ಆರಾಮವಾಗಿ ಆಡುತ್ತಾನೆ. ಅಲ್ಲಿ ಚೆಂಡನ್ನು ತುಸು ಜೋರಾಗಿ, ಆದರೆ ಚಪ್ಪಟೆಯಾಗದಂತೆ ಹಾಕಬೇಕು. ಕೊನೆಗೆ ನೇರ ಹೋಗುವ ಚೆಂಡು. ಹತ್ತು ಎಸೆತ ತಿರುಗಿದ ಮೇಲೆ ಒಂದು ತಿರುಗದೆ ಹೋದರೆ ಕಾಲಿಗೆ ಬಡಿಯುತ್ತದೆ. ಇದನ್ನು ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಎಂಬುದನ್ನು ಹೇಳಿಕೊಡಲು ಆ ಚೆಂಡು ಹಾಕಿ ಪೆಟ್ಟು ತಿಂದವನೇ ಬೇಕು. ಅದಕ್ಕಿಂತ ಕಷ್ಟದ ಕೆಲಸ, ಶಕೀಬ್‌ನಂಥ ಹೆಸರಾದ ಆಟಗಾರನಿಗೆ ಏನನ್ನೂ ಬದಲಿಸದೆ ಬಿಡುವುದು, ಅವನ ಪಕ್ಕದಲ್ಲೇ ನಯೀಮ್‌ನಂಥ ಹುಡುಗನಿಗೆ ಕೈ ಹಿಡಿದು ಕಲಿಸುವುದು. ಇಬ್ಬರಿಗೂ ಒಂದೇ ಪಾಠ ಹೇಳುವವನು ಇಬ್ಬರನ್ನೂ ಕೆಡಿಸುತ್ತಾನೆ.

ಆ ನಲವತ್ತು ವಿಕೆಟ್‌ಗಳಲ್ಲಿ ಜೋಶಿಯವರ ಪಾಲು ಇಷ್ಟೇ ಎಂದು ಯಾರೂ ಹೇಳಲಾರರು. ತಿರುಗುವ ಪಿಚ್ ತಯಾರಿಸಿದವರಿದ್ದರು, ಮುಖ್ಯ ಕೋಚ್ ಸ್ಟೀವ್ ರೋಡ್ಸ್ ಇದ್ದರು, ಎಲ್ಲಕ್ಕಿಂತ ಹೆಚ್ಚಾಗಿ ಎಸೆದವರು ಆ ನಾಲ್ವರು. ಆದರೂ ತನ್ನ ಇಡೀ ಟೆಸ್ಟ್ ಜೀವನದಲ್ಲಿ 41 ವಿಕೆಟ್ ಪಡೆದ ಬೌಲರ್, ತಾನು ಕಲಿಸಿದ ಹುಡುಗರು ಎರಡೇ ಪಂದ್ಯಗಳಲ್ಲಿ 40 ಕಿತ್ತದ್ದನ್ನು ಬೌಂಡರಿಯಾಚೆ ಕೂತು ನೋಡಿದರು. ನನಗೆ ಗದಗ ಜಿಲ್ಲೆಯ ಹೆಮ್ಮೆಯ ಕ್ರೀಡಾ ಸುದ್ದಿ ಯಾವುದು ಎಂದು ಕೇಳಿದರೆ ನೈರೋಬಿಗಿಂತ ಮೊದಲು ಇದನ್ನು ಹೇಳುತ್ತೇನೆ.

2019ರ ವಿಶ್ವಕಪ್ ನಂತರ ಬಾಂಗ್ಲಾದ ಕೆಲಸ ಮುಗಿಯಿತು. ಉತ್ತರ ಪ್ರದೇಶದ ರಣಜಿ ತಂಡಕ್ಕೆ ಹೋದರು. 2020ರ ಮಾರ್ಚ್ 4ರಂದು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಅದೇ ತಿಂಗಳು ಕೋವಿಡ್ ಬಂದು ಆಟವೇ ನಿಂತುಹೋಯಿತು. ಆ ಅಕ್ಟೋಬರ್‌ನಲ್ಲಿ ಅವರ ಸಮಿತಿ ಆಸ್ಟ್ರೇಲಿಯಾ ಪ್ರವಾಸಕ್ಕೆ ತಂಡ ಆರಿಸಿತು. ಮೊಹಮ್ಮದ್ ಸಿರಾಜ್, ಶುಭಮನ್ ಗಿಲ್ ಇನ್ನೂ ಒಂದು ಟೆಸ್ಟ್ ಕೂಡ ಆಡಿರಲಿಲ್ಲ. ನಟರಾಜನ್ ಹೆಚ್ಚುವರಿ ಬೌಲರ್ ಆಗಿ ಹೋದರು. ಅಡಿಲೇಡ್‌ನಲ್ಲಿ ಭಾರತ 36ಕ್ಕೆ ಉರುಳಿತು. 2021ರ ಜನವರಿ 19ರಂದು ಬ್ರಿಸ್ಬೇನ್‌ನ ಗಾಬಾದಲ್ಲಿ ಅದೇ ಸಿರಾಜ್, ಗಿಲ್, ನಟರಾಜನ್ ಇದ್ದ ತಂಡ ಸರಣಿ ಗೆದ್ದಿತು. ಅಷ್ಟರಲ್ಲಿ ಅಧ್ಯಕ್ಷ ಸ್ಥಾನ ಚೇತನ್ ಶರ್ಮಾ ಅವರಿಗೆ ಹೋಗಿತ್ತು. ಬಳಿಕ ಜೋಶಿ ಐಪಿಎಲ್‌ನ ಪಂಜಾಬ್ ಕಿಂಗ್ಸ್‌ಗೆ ಸ್ಪಿನ್ ಕೋಚ್ ಆದರು; 2025ರ ಫೈನಲ್‌ನಲ್ಲಿ ಆ ತಂಡ ಬೆಂಗಳೂರಿಗೆ ಸೋತಿತು.

ಜೋಶಿಯವರ ಈ ಕಥೆಯಿಂದ ಈಗ ನಮ್ಮೂರು ಇಟಗಿಯ ಮಾತಿಗೆ ಬರುತ್ತೇನೆ. ಮಹಾದೇವ ದೇಗುಲದ ಇಟಗಿ ಕೊಪ್ಪಳ ಜಿಲ್ಲೆಯದು. ನಮ್ಮದು ರೋಣ, ಗಜೇಂದ್ರಗಡ ಸೀಮೆಯ ಇಟಗಿ, ಭೀಮಾಂಬಿಕೆಯ ಇಟಗಿ. ಎರೆ ಹೊಲಗಳ ಊರು. ಕಡಲೆ ಕಿತ್ತು, ಜೋಳ ಕೊಯ್ದ ಮೇಲೆ ಹೊಲ ಖಾಲಿಯಾದರೆ ಹುಡುಗರು ಅಲ್ಲೇ ಸ್ಟಂಪ್ ನೆಡುತ್ತಾರೆ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಚೆಂಡು ಎತ್ತ ತಿರುಗುತ್ತದೋ ಹೇಳಲು ಬರುವುದಿಲ್ಲ. ಅಂಥ ನೆಲದಲ್ಲಿ ಸ್ಪಿನ್ನರ್ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು? ಹುಟ್ಟುತ್ತಾರೆ. ಹಬ್ಬದ ಟೂರ್ನಿಮೆಂಟ್‌ಗಳಲ್ಲಿ ನೋಡಿ, ಟೆನಿಸ್ ಚೆಂಡನ್ನೂ ತಿರುಗಿಸುವ ಹುಡುಗರು ಸಿಗುತ್ತಾರೆ. ಆಮೇಲೆ ಅವರಿಗೆ ಲೆದರ್ ಚೆಂಡು ಕೈಗೆ ಕೊಟ್ಟು, ಮುಂದಿನ ಕಾಲು ಎಲ್ಲಿ ಬೀಳಬೇಕೆಂದು ತೋರಿಸುವವರು ಊರಲ್ಲಿ ಇಲ್ಲ. ನರಗುಂದದ ಹುಡುಗನಿಗೂ, ಗಜೇಂದ್ರಗಡದ ಹುಡುಗಿಗೂ ಇದೇ ಪಾಡು. ಹುಬ್ಬಳ್ಳಿಯ ರಾಜನಗರದಲ್ಲಿ ಈಗ ರಣಜಿ ನಡೆಯುವ ಮೈದಾನವಿದೆ. ನಮ್ಮ ಊರಿನವರಿಗೆ ಅದು ಗದಗಿನವರಿಗಿಂತಲೂ ದೂರ. ಅಂದರೆ 1980ರ ದಶಕದಲ್ಲಿ ಗದಗಿನ ಹುಡುಗ ಎದುರಿಸಿದ ಕಷ್ಟವನ್ನೇ ಇಂದು ತಾಲ್ಲೂಕಿನ ಹುಡುಗ ಎದುರಿಸುತ್ತಿದ್ದಾನೆ, ಇನ್ನಷ್ಟು ಹೆಚ್ಚು ಮೈಲಿಗಳ ಜೊತೆಗೆ.

ಪ್ರತಿ ಊರಿಗೂ ಮೈದಾನ ಬೇಕು, ನೆಟ್ಸ್ ಬೇಕು ಎಂದು ಬೇಡಿಕೆ ಇಡುವವರಿದ್ದಾರೆ. ಇಡಲಿ. ನನ್ನ ಬೇಡಿಕೆ ಬೇರೆ ಕಡೆಯಿಂದ ಶುರುವಾಗುತ್ತದೆ, ಮನುಷ್ಯನಿಂದ. ಮೈದಾನವಿದ್ದು ಕಲಿಸುವವನಿಲ್ಲದಿದ್ದರೆ ಅಲ್ಲಿ ಸಂತೆಯ ಗಾಡಿಗಳು ನಿಲ್ಲುತ್ತವೆ. ಕಲಿಸುವವನಿದ್ದರೆ ಹೊಲದ ಬದುವಿನಲ್ಲೂ ಪಾಠ ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಅಂಥ ಮನುಷ್ಯ ಆಗಬಲ್ಲವರು ಈಗಾಗಲೇ ಇದ್ದಾರೆ, ಶಾಲೆಯ ಪಿ.ಟಿ. ಮಾಸ್ತರರು. ಮೊರಿನ್ಯೊ ಶುರುಮಾಡಿದ್ದು ಅದೇ ಕೆಲಸದಿಂದ. ಆದರೆ ನಮ್ಮಲ್ಲಿ ಬಹಳ ಶಾಲೆಗಳಲ್ಲಿ ಆ ಹುದ್ದೆ ಖಾಲಿ ಇರುತ್ತದೆ. ಇದ್ದ ಕಡೆ ಅವರನ್ನು ಪ್ರಾರ್ಥನೆಗೆ ಸಾಲು ನಿಲ್ಲಿಸಲು, ಬಿಸಿಯೂಟದ ಲೆಕ್ಕಕ್ಕೆ, ಗೈರಾದ ಶಿಕ್ಷಕರ ಕ್ಲಾಸು ನೋಡಿಕೊಳ್ಳಲು ಬಳಸುತ್ತಾರೆ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವುದು ವಾಡಿಕೆಯೇ ಆಗಿದೆ. ಅವರಿಗೆ ಕ್ರಿಕೆಟ್ ಮಂಡಳಿಯ ಮೊದಲ ಹಂತದ ಕೋಚಿಂಗ್ ತರಬೇತಿಯಾಗಲಿ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಅಲ್ಪಾವಧಿ ತರಬೇತಿಯಾಗಲಿ ಕೊಡಿಸಬೇಕೆಂದು ಯಾವ ಊರೂ ಕೇಳುವುದಿಲ್ಲ. ಗದಗ ಜಿಲ್ಲೆ ಕುಸ್ತಿಗೆ, ಸೈಕ್ಲಿಂಗ್‌ಗೆ ಹೆಸರು ಮಾಡಿದ್ದು ಅಲ್ಲಿ ವಸ್ತಾದರು, ಕೋಚ್‌ಗಳು ದಿನವೂ ಹುಡುಗರ ಎದುರು ನಿಂತದ್ದರಿಂದ. ಕ್ರಿಕೆಟ್‌ಗೂ ಫುಟ್‌ಬಾಲ್‌ಗೂ ಕಬಡ್ಡಿಗೂ ಬೇರೆ ದಾರಿ ಇಲ್ಲ.

ಆದ್ದರಿಂದ ನಮ್ಮ ಶಾಲಾಭಿವೃದ್ಧಿ ಸಮಿತಿಗಳಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ, ಹಬ್ಬಕ್ಕೆ ಟೂರ್ನಿಮೆಂಟ್ ನಡೆಸುವ ಯುವಕ ಮಂಡಳಗಳಿಗೆ ನನ್ನದೊಂದು ಕೋರಿಕೆ. ಈ ಸಲ ಮೊದಲ ಬಹುಮಾನಕ್ಕೆ ಇಡುವ ಹಣದಲ್ಲಿ ಅರ್ಧ ತೆಗೆದಿಡಿ. ಆ ಹಣದಲ್ಲಿ ನಿಮ್ಮ ಊರಿನ ಪಿ.ಟಿ. ಮಾಸ್ತರರನ್ನೋ, ಆಡಿ ಬಿಟ್ಟ ಹಿರಿಯ ಆಟಗಾರನನ್ನೋ, ಆಟ ಬಲ್ಲ ಹೆಣ್ಣುಮಗಳೊಬ್ಬಳನ್ನೋ ತರಬೇತಿಗೆ ಕಳಿಸಿ, ಮರಳಿ ಬಂದವರಿಗೆ ಸಂಜೆ ಎರಡು ತಾಸು ಶಾಲೆಯ ಬಯಲು ಬಿಟ್ಟುಕೊಡಿ. ಖಾಲಿ ಇರುವ ದೈಹಿಕ ಶಿಕ್ಷಕರ ಹುದ್ದೆ ತುಂಬಿಸಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ, ರೋಣದ ಬಿಇಒ ಕಚೇರಿಗೆ ಬರೆಯಿರಿ, ಉತ್ತರ ಬರುವವರೆಗೂ ಬರೆಯಿರಿ.